ಕೆಂಪು ಹೆಜ್ಜೆಯ ತನಿಖೆ

ಹಸಿ ಬಣ್ಣ ಹಾಕಿದ ನೂಲಿನ ವಾಸನೆ ಬಂದರೆ ಈಗಲೂ ನನ್ನ ತಲೆ ತಾನಾಗಿ ತಗ್ಗುತ್ತದೆ.

ಆ ಮಧ್ಯಾಹ್ನ ಬನಹಟ್ಟಿಯ ನಮ್ಮ ಮನೆಗೆ ಅಕ್ಕನನ್ನು ನೋಡಲು ಮುಧೋಳದಿಂದ ಗಂಡಿನ ಕಡೆಯವರು ಬಂದು ಕೂತಿದ್ದರು. ಹತ್ತನೆಯ ತರಗತಿಯ ಅಕ್ಕ ಮಾತ್ರ ಕಾಣೆಯಾಗಿದ್ದಳು. ಒಂಬತ್ತು ವರ್ಷದ ನಾನು, ಯಾರೂ ಕೇಳದಿದ್ದರೂ, ತನಿಖೆಯ ಭಾರ ಹೊತ್ತೆ. ಹಿತ್ತಲಲ್ಲಿ ಒಣಹಾಕಿದ ನೂಲಿನ ಲಡಿಗಳಿಂದ ಬಣ್ಣ ತೊಟ್ಟಿಕ್ಕುತ್ತಿತ್ತು. ಅದನ್ನು ತುಳಿದವಳ ಕೆಂಪು ಹೆಜ್ಜೆಗಳು ಅಜ್ಜನ ಹಳೆಯ ಕುಣಿಮಗ್ಗದವರೆಗೆ ಹೋಗಿದ್ದವು. ನೇಯುವವರು ಕಾಲು ಇಳಿಬಿಡುವ ಆ ಕುಣಿಯೊಳಗೆ ಅಕ್ಕ ಪುಸ್ತಕ ಅಪ್ಪಿಕೊಂಡು ಕೂತಿದ್ದಳು.

"ಹೇಳಬ್ಯಾಡ ತಂಗಿ. ಪರೀಕ್ಷಾ ಬರೀಬೇಕು ನಾ."

"ಅಕ್ಕ ಸಿಕ್ಕಳು" ಎಂದು ನಾನು ಪಡಸಾಲೆಗೆ ಕೇಳುವಂತೆ ಕೂಗಿದೆ.

"ನಮ್ಮ ಸಣ್ಣಾಕಿ ಭಾಳ ಶಾಣ್ಯಾಕಿ ನೋಡ್ರಿ" ಎಂದು ಆಯಿ, ನಮ್ಮ ಅಜ್ಜಿ, ಬಂದವರ ತಾಟಿನಿಂದಲೇ ಒಂದು ಉಂಡಿ ಎತ್ತಿ ಕೊಟ್ಟಳು.

ಬಚ್ಚಲಲ್ಲಿ ಅವ್ವ ಅಕ್ಕನ ಅಂಗಾಲಿನ ಬಣ್ಣ ತಿಕ್ಕಿ ತೊಳೆಯುತ್ತಿದ್ದಳು. ನಾನು ಉಂಡಿಯನ್ನು ಪೂರ್ತಿ ತಿಂದೆ.