ಬೆಳ್ಳಿಯನ್ನು ಅಜ್ಜಿ ಮುಟ್ಟಿದ್ದು

ರೋಗ ಬಾರದಂತೆ ರೇಷ್ಮೆಹುಳುಗಳ ಮೇಲೆ ಉದುರಿಸುವ ಸುಣ್ಣದ ಪುಡಿಯ ವಾಸನೆ ಬಂದರೆ ಈಗಲೂ ನನಗೆ ಮಾಗಡಿ ಕಡೆಯ ಅಜ್ಜಿ ಮನೆ, ಅದರ ಹಿಂದಿನ ಹುಳುಮನೆ ನೆನಪಾಗುತ್ತದೆ.

ಅವತ್ತು ಮಧ್ಯಾಹ್ನ ರೇಷ್ಮೆಹುಳುಗಳು ಸೊಪ್ಪು ತಿನ್ನುವುದು ಬಿಟ್ಟು ಹಣ್ಣಾಗಿದ್ದವು. ಸಂಜೆಯೊಳಗೆ ಎಲ್ಲವನ್ನೂ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕಿತ್ತು. ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೂ ಬಿಡದಿಯ ಫ್ಯಾಕ್ಟರಿಗೆ ಹೋಗಿದ್ದರಿಂದ ಒಳಗಿದ್ದದ್ದು ತಾತ, ಅಜ್ಜಿ ಮಾತ್ರ.

ಹುಳುಮನೆಯ ಮೆಟ್ಟಿಲ ಮೇಲೆ ನಮ್ಮ ಬೆಕ್ಕು ಬೆಳ್ಳಿ ಸತ್ತು ಬಿದ್ದಿತ್ತು. ಬೆಳಿಗ್ಗೆ ಹಾಲು ಕುಡಿದಿತ್ತು. ಮೈಮೇಲೆ ಒಂದು ಗಾಯವೂ ಇರಲಿಲ್ಲ. ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

"ಸತ್ತಿದ್ದು ಮುಟ್ಟಿದೋರು ತಲೆ ಮೇಲೆ ನೀರು ಹುಯ್ಕೊಳ್ದೆ ಒಳೀಕೆ ಬರಂಗಿಲ್ಲ. ತಿಪ್ಪೆಗೆ ಎಸ್ದು ಬಾ," ಎಂದರು ತಾತ ಒಳಗಿನಿಂದ. ನಾನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ.

ಅಜ್ಜಿ ಹೊರಗೆ ಬಂದು ನನ್ನ ಪಕ್ಕ ಕೂತು, ಬೆಳ್ಳಿಯ ಬೆನ್ನ ಮೇಲೆ ಕೈ ಇಟ್ಟರು.

"ನೀನೂ ಮುಟ್ಬುಟ್ಯಾ? ಇಷ್ಟು ಹುಳಾನ ನಾನೊಬ್ನೇ ಆಯ್ಬೇಕಾ?"

"ಇಷ್ಟು ದಿನ ಹುಳಕ್ಕೆ ಇಲಿ ಬರ್ದಂಗೆ ಕಾದೋಳು ಇವ್ಳು. ಒಸಿ ಹೊತ್ತು ನೀವೇ ಆಯ್ರಿ."

"ಯಾಕಜ್ಜಿ ಸತ್ಲು?" ಎಂದೆ.

ಏನು ಕೇಳಿದರೂ ಥಟ್ಟನೆ ಉತ್ತರ ಕೊಡುತ್ತಿದ್ದ ಅಜ್ಜಿ, "ಗೊತ್ತಿಲ್ಲ ಕಣವ್ವ," ಎಂದರು. ಆಮೇಲೆ ಎದ್ದು ಗುದ್ದಲಿ ತಂದು ಹಿಪ್ಪುನೇರಳೆ ಗಿಡದ ಬುಡದಲ್ಲಿ ಅಗೆಯತೊಡಗಿದರು. "ಆಳವಾಗಿ ತೋಡ್ಬೇಕು, ಒಸಿ ಹೊತ್ತಾಯ್ತದೆ. ಅಲ್ಲೀಗಂಟ ನೀನು ಎತ್ಕೊಂಡೇ ಇರು."