ಮಾವನನ್ನು ನುಂಗಿದ ಹಲ್ಲು

ನನ್ನ ಸೋದರಮಾವ ಸತ್ತದ್ದು ಕಾಲರಾದಿಂದ, ನನ್ನ ಹಲ್ಲಿನಿಂದಲ್ಲ. ಲವಂಗದ ಎಣ್ಣೆಯ ವಾಸನೆ ಬಂದರೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ.

ನನಗಾಗ ಎಂಟು ವರ್ಷ. ಮುಂದಿನ ಎರಡು ಹಲ್ಲುಗಳ ನಡುವೆ ಮೊಳೆಯಂಥ ಮೂರನೆಯದು ಮೂಡಿದ ತಿಂಗಳೇ ಮಾವ ಹೋದ. "ಮಾವನ್ನ ನುಂಗಿದ ಹಲ್ಲು! ಒಲಿ ಕಡೆ ಬರಬ್ಯಾಡ" ಎಂದು ಅಜ್ಜಿ ನನಗೆ ಹಿತ್ತಲಲ್ಲಿ ರೊಟ್ಟಿ ಹಾಕತೊಡಗಿದಳು.

ಒಂದು ಮಧ್ಯಾಹ್ನ ಅವ್ವ ನನ್ನನ್ನು ತಾಳಿಕೋಟೆಯ ಡಾಕ್ಟರರ ಬಳಿ ಕರೆದೊಯ್ದಳು. "ಹಲ್ಲು ಒಂದು ಹೆಚ್ಚಿಗಿ ಬೆಳದೈತಿ, ತಂಗಿ. ಕೆಲವರಿಗೆ ಆರನೇ ಬೆರಳು ಇರೂದಿಲ್ಲೇನು?" ಎಂದು ಅವರು ಅವ್ವನಿಗೆ ಹೇಳಿ, ಇಕ್ಕಳದಿಂದ ಅದನ್ನು ಕಿತ್ತು, ಲವಂಗದ ಎಣ್ಣೆಯ ಹತ್ತಿ ಒತ್ತಿದರು.

"ಕಿತ್ತರ ನನ್ನ ಮಗ ಬರ್ತಾನೇನ?" ಎಂದಳು ಅಜ್ಜಿ. ಆ ಸಂಜೆಯೂ ನನ್ನ ತಾಟು ಹಿತ್ತಲಲ್ಲೇ.

ಮರುದಿನ ಮುಂಜಾನೆ ಒಲೆಯ ಮುಂದೆ ಕುಳಿತು, ಡಾಕ್ಟರರಿಂದ ಕೇಳಿ ತಂದಿದ್ದ ಹಲ್ಲನ್ನು ಅಜ್ಜಿಯ ಎದುರು ಇಟ್ಟೆ. "ಆಯಿ, ಇದಕ್ಕ ಹಿತ್ತಲದಾಗ ರೊಟ್ಟಿ ಹಾಕು. ನನಗ ಇಲ್ಲೇ ಹಾಕು" ಎಂದೆ.