ಉಬ್ಬಿದ ತೋಟಾ

ಹಂದಿಯೆಂದು ಯಾರೋ ಹಾರಿಸಿದ ಗುಂಡು ತಗುಲಿ ಗದ್ದೆಯ ಬದುವಿನಲ್ಲಿ ಒಬ್ಬ ಸತ್ತಿದ್ದ. ಹೆಣದಿಂದ ಮೂವತ್ತು ಮಾರು ದೂರದಲ್ಲಿ ಸಿಕ್ಕಿದ, ಆ ಗುಂಡಿನ ಖಾಲಿ ಹಿತ್ತಾಳೆ ತೋಟಾವನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲಿಟ್ಟರು. ಪಕ್ಕದಲ್ಲಿ, ಅನುಮಾನದ ಮೇಲೆ ಲಾಕಪ್ಪಿಗೆ ಹಾಕಿದ್ದ ಉತ್ತಯ್ಯನ ಕೋವಿ.

ಪರೀಕ್ಷಿಸಲು ಕರೆಸಿದ್ದ ಕೋವಿ ರಿಪೇರಿಯ ಮಾಚಯ್ಯ ತೋಟಾದ ತಳದ ಮುದ್ರೆ ಓದಿದ. "ಮಾಮೂಲಿ ತೋಟಾ ಸಾರ್. ಉತ್ತಯ್ಯ ಹಾಕೋದೂ ಇದೇ."

ಬಾಗಿಲಲ್ಲಿ ನಿಂತಿದ್ದ ಉತ್ತಯ್ಯನ ಹೆಂಡತಿ ಕಣ್ಣೊರೆಸಿಕೊಂಡಳು. "ಮಾಚಯ್ಯಣ್ಣ ಹೇಳಿದ್ಮೇಲೆ ಮುಗೀತು ಸಾರ್. ಅವರು ಸುಳ್ಳು ಹೇಳೋರಲ್ಲ."

ಹೊರಡಲು ಎದ್ದಿದ್ದ ಮಾಚಯ್ಯ ಅಲ್ಲೇ ನಿಂತ. ಆಮೇಲೆ ಆ ತೋಟಾವನ್ನು ಎತ್ತಿಕೊಂಡು, ಉತ್ತಯ್ಯನ ಕೋವಿಗೆ ಹಾಕಿ ಒತ್ತಿದ. ಅದು ಒಳಗೆ ಪೂರ್ತಿ ಇಳಿಯಲೇ ಇಲ್ಲ.

"ಇದೇನ್ರೀ? ಮಾಮೂಲಿ ಅಂದ್ರಲ್ಲ!"

"ಹಾರಿಸೋಕೆ ಮುಂಚೆ ಮಾಮೂಲಿನೇ ಸಾರ್. ಹೆಚ್ಚು ಮದ್ದು ಹಿಡೀಲಿ ಅಂತ ಕೆಲವು ಕೋವೀಲಿ ತೋಟಾ ಕೂರೋ ಗೂಡನ್ನ ಕೊರೆದು ಅಗಲ ಮಾಡ್ತಾರೆ. ಅದ್ರಲ್ಲಿ ಹಾರಿಸಿದ್ರೆ ತೋಟಾ ಆ ಗೂಡಿನ ಆಕಾರಕ್ಕೇ ಉಬ್ಬಿಬಿಡತ್ತೆ. ಇಂಥ ಕೊರೆಯದ ಕೋವಿಗೆ ಮತ್ತೆ ಕೂರಲ್ಲ."

"ಆ ಕೆಲಸ ಈ ತಾಲೂಕಲ್ಲಿ ನಿಮ್ಮೊಬ್ಬರಿಗೇ ಬರೋದು. ಯಾರ್ಯಾರಿಗೆ ಮಾಡಿಕೊಟ್ಟಿದ್ದೀರಿ?"

ಬಾಗಿಲ ಕಡೆ ನೋಡಲಾರದೆ ಮಾಚಯ್ಯ ತಲೆ ತಗ್ಗಿಸಿದ.

"ಒಂದೇ ಮಾಡಿದ್ದು ಸಾರ್. ನಂಗೆ."